ಪೈಲ್ವಾನನ ಉಪವಾಸ

ಪಾಣೆಮಂಗಳೂರು,
3-4-1958

ಪ್ರಿಯ ಧರ್ಣಪ್ಪನಿಗೆ ಇಬ್ರಾಹಿಂ ಖಲೀಲನ ಸಲಾಂ.

ಈ ಪತ್ರ ತಂದಿರುವ ಹಾಜಬ್ಬ ನಮ್ಮ ಜವಳಿ ಅಂಗಡಿಯ ಪಕ್ಕದಲ್ಲಿ ಹೊಗೆಸೊಪ್ಪು ಮಾರುವವನು. ವಾರಕ್ಕೊಮ್ಮೆ ನಿಮ್ಮ ಮೂಡಬಿದ್ರಿಯ ಸಂತೆಗೆ ಬರುತ್ತಾನೆ. ಅವನ ಕೈಯಲ್ಲಿರುವ ಗಾಜಿನ ಭರಣಿಯನ್ನು ಮೊದಲು ಜಾಗ್ರತೆಯಿಂದ ಇಳಿಸಿಕೋ, ಆಮೇಲೆ ಪತ್ರ ಓದು. ಭರಣಿಯಲ್ಲಿರುವವನೇ ನಾನು ಹೇಳಿದ ಪೈಲ್ವಾನ.

ಖದೀಜಳ ತಮ್ಮ ಅಬ್ದುಲ್ ಶುಕೂರ್ ಪಿನಾಂಗಿನಿಂದ ಬರುವಾಗ ಹಡಗಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಮೀನು ಇದು. ಆ ಕಡೆ ಕೋಳಿ ಅಂಕದ ಹಾಗೆ ಇವುಗಳನ್ನು ಜಗಳಕ್ಕೆ ಬಿಟ್ಟು ಪಣ ಕಟ್ಟುತ್ತಾರಂತೆ. ನಾವಿಬ್ಬರೂ ಹಜ್ಜಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವವನು ಈ ಶುಕೂರನೇ. ‘ಭಾವ, ಇನ್ನೊಂದು ಗಂಡು ತರಿಸ್ತೇನೆ, ಪಾಣೆಮಂಗಳೂರಿನವರು ಒಮ್ಮೆ ಮಜಾ ನೋಡ್ಲಿ’ ಎಂದು ಈಗಲೇ ಶುರು ಮಾಡಿದ್ದಾನೆ. ಖದೀಜ ಮೀನನ್ನು ಎರಡು ವರ್ಷ ಸಾಕಿದವಳು. ‘ಅದನ್ನು ಜಗಳಕ್ಕೆ ಬಿಡ್ತಾರೆ ಅಂತಾದರೆ ನಾನು ಹಜ್ಜಿಗೇ ಬರುವುದಿಲ್ಲ’ ಎಂದು ಕೂತಳು. ಯೋಚಿಸಿ ನೋಡಿದೆ. ನಾನು ಬಲ್ಲ ಮನೆಗಳಲ್ಲಿ ಯಾವ ಜೀವಕ್ಕೂ ಪೆಟ್ಟಾಗದ ಮನೆ ನಿಮ್ಮ ಜೈನರ ಮನೆ, ಅದರಲ್ಲೂ ನಿನ್ನದು. ಆದ್ದರಿಂದ ನಾವು ಬರುವ ತನಕ ಅವನು ನಿನ್ನ ಅತಿಥಿ.

ಅವನ ಬೇಡಿಕೆ ದೊಡ್ಡದೇನಲ್ಲ. ಒಬ್ಬನೇ ಇರಬೇಕು, ಪಾಪ ಒಂಟಿ ಎಂದು ಕೆರೆಯ ಮೀನು ತಂದು ಜೊತೆಗೆ ಬಿಡಬೇಡ. ನಿನ್ನ ಅಂಗಡಿಯಲ್ಲಿ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಬರವಿಲ್ಲ, ಗೊತ್ತು. ಆದರೆ ತಾಮ್ರದ ನೀರು ಮೀನಿಗೆ ವಿಷ, ಮರ್ಯಾದೆ ಮಾಡಲು ಹೋಗಿ ಕೊಲ್ಲಬೇಡ ಮಾರಾಯ, ಗಾಜಿನ ಭರಣಿಯೇ ಇರಲಿ. ಬೆಳಕು ಬೇಕು, ಬಿಸಿಲು ಬೇಡ. ನೀರನ್ನು ಒಮ್ಮೆಗೇ ಚೆಲ್ಲಿ ಬದಲಿಸಬಾರದು, ಕಾಲು ಭಾಗ ತೆಗೆದು ಅಷ್ಟೇ ಹಾಕಬೇಕು. ಹಾರುವ ಜಾತಿ, ಹಾಗಾಗಿ ಭರಣಿಯ ಬಾಯಿ ಮುಚ್ಚಿರಲಿ. ಆದರೆ ಗಾಳಿ ಆಡಬೇಕು, ಯಾಕೆಂದರೆ ಅವನು ಆಗಾಗ ಮೇಲೆ ಬಂದು ನಮ್ಮ ಹಾಗೆಯೇ ಗಾಳಿ ಕುಡಿಯುತ್ತಾನೆ. ತಳದಲ್ಲಿರುವ ಒಣ ಬಾದಾಮಿ ಎಲೆಯನ್ನು ಕಸವೆಂದು ಎಸೆಯಬೇಡ. ಅದರಿಂದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಅದೇ ಅವನಿಗೆ ಮದ್ದು.

ಅವನಿಗೆ ನಮ್ಮ ಊರಿನ ನೀರು ಒಗ್ಗಿದೆ. ಹಾಜಬ್ಬ ವಾರ ವಾರ ಒಂದು ಡಬ್ಬಿ ತಂದುಕೊಡುತ್ತಾನೆ, ದಿನಕ್ಕೊಂದು ಸೌಟು ಹೊಯ್ದರೆ ಸಾಕು. ಸ್ವಲ್ಪ ಕಸಕಡ್ಡಿ ಕಂಡೀತು, ತಲೆ ಕೆಡಿಸಿಕೊಳ್ಳಬೇಡ. ಬೇರೆ ಉಪಚಾರ ಬೇಡ.

ಅಮ್ಮಣಿಯಕ್ಕ ನೀರು ಸೋಸಲು ಒಳ್ಳೆಯ ದಪ್ಪ ಬಟ್ಟೆ ಕೇಳಿದ್ದರು. ಎರಡು ಗಜ ಕೋರಾ ಬಟ್ಟೆ ಇಟ್ಟಿದ್ದೇನೆ.

ಹಜ್ಜಿಗೆ ಹೊರಟವನು ಎಲ್ಲರಲ್ಲಿಗೂ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ್ದನ್ನು ಕ್ಷಮಿಸಿ ಎಂದು ಬೇಡುವುದು ನಮ್ಮಲ್ಲಿ ಕ್ರಮ. ಮೊನ್ನೆ ನಿನ್ನ ಅಂಗಡಿಗೆ ಬಂದು ಬೇಡಿದಾಗ ನೀನು, ‘ಯಾವ ತಪ್ಪು ಅಂತ ಹೇಳು, ಹೇಳಿದರೆ ಅಲ್ವಾ ಬಿಡುವುದು’ ಎಂದು ನಕ್ಕೆ. ಕಡೆಗೆ ‘ಹೋಗು, ಎಲ್ಲ ಬಿಟ್ಟೆ’ ಎಂದೆ. ಆ ಮಾತು ಗಟ್ಟಿಯಾಗಿರಲಿ.

ಇತಿ,
ಖಲೀಲ್


ಮೂಡಬಿದ್ರಿ,
14-4-1958

ಪ್ರಿಯ ಖಲೀಲ್,

ಇದನ್ನು ನೀನು ಕೊಟ್ಟ ಬೊಂಬಾಯಿಯ ಮುಸಾಫಿರ್‌ಖಾನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನೂ ಖದೀಜಳೂ ಸುಖವಾಗಿ ತಲುಪಿದ್ದೀರೆಂದು ಭಾವಿಸುತ್ತೇನೆ.

ಪೈಲ್ವಾನ ಕ್ಷೇಮ. ಹೆಬ್ಬೆರಳಿನಷ್ಟಿರುವ ಪ್ರಾಣಿಗೆ ಅಷ್ಟು ದೊಡ್ಡ ಹೆಸರೇ ಎಂದು ಮೊದಲ ದಿನ ನಕ್ಕೆ. ಮರುದಿನ ಗಡ್ಡ ಹೆರೆಯಲು ಕನ್ನಡಿ ತಂದು ಭರಣಿಯ ಪಕ್ಕದಲ್ಲಿಟ್ಟೆ ನೋಡು. ಅಷ್ಟರವರೆಗೆ ಹಿಂಡಿಟ್ಟ ಒದ್ದೆ ಬಟ್ಟೆಯ ಹಾಗೆ ಮೂಲೆಯಲ್ಲಿದ್ದವನು ರೆಕ್ಕೆ ಬಾಲ ಎಲ್ಲ ಬಿಡಿಸಿ, ಕಿವಿರು ಉಬ್ಬಿಸಿ ಕನ್ನಡಿಗೆ ನುಗ್ಗಿದ. ನಿನ್ನ ಅಂಗಡಿಯಲ್ಲಿ ಮದುವೆ ಸೀರೆ ಬಿಡಿಸಿ ಹಾಸಿದ ಹಾಗಾಯಿತು. ಅರ್ಧ ಗಡ್ಡದಲ್ಲಿಯೇ ಕೂತು ನೋಡಿದೆ. ಅಂಗಡಿ ತೆರೆಯುವುದು ತಡವಾಗಿ ಅಮ್ಮಣಿಯ ಬಾಯಿಂದ ಬೈಸಿಕೊಂಡೆ.

ನನ್ನ ಅಮ್ಮ ಸೇಸಮ್ಮನನ್ನು ನೀನು ಬಲ್ಲೆ. ಎಂಬತ್ತು ದಾಟಿದರೂ ಸೋಸದ ನೀರಿನಲ್ಲಿ ಕೈಯನ್ನೂ ತೊಳೆಯುವವಳಲ್ಲ. ಭರಣಿ ಕಂಡವಳೇ ‘ಮೀನು ಮನೆಯೊಳಗೆ ಯಾಕೆ?’ ಎಂದಳು. ಸಾಕಲಿಕ್ಕೆ, ತಿನ್ನಲಿಕ್ಕಲ್ಲ ಎಂದೆ. ‘ನಾವು ತಿನ್ನುವುದಿಲ್ಲ ಸರಿ. ಅದು ಏನು ತಿನ್ನುತ್ತದೆ?’ ಎಂದು ಕೇಳಿದಳು. ಒಂದು ಅಗುಳು ಅನ್ನ ಹಾಕಿ ನೋಡಿದೆ, ಮೂಸಲಿಲ್ಲ. ಅರಳು ಹಾಕಿದೆ, ತೆಂಗಿನ ತುರಿ ಹಾಕಿದೆ, ಎರಡನ್ನೂ ಬಿಟ್ಟ. ನೀರು ಕೆಟ್ಟು ವಾಸನೆ ಬಂದದ್ದೇ ಲಾಭ, ಎಲ್ಲ ತೆಗೆದೆ.

ಅವನ ಊಟವೇನು, ಸರಿಯಾಗಿ ಬರೆ. ಅತಿಥಿಯನ್ನು ಹಸಿವಿನಲ್ಲಿಟ್ಟು ನಾವು ಎಲೆ ಹಾಕಿಕೊಂಡು ಕೂರುವುದು ನನಗೆ ಆಗುವುದಿಲ್ಲ.

ಇತಿ ನಿನ್ನ,
ಧರ್ಣಪ್ಪ


ಬೊಂಬಾಯಿ,
27-4-1958

ಪ್ರಿಯ ಧರ್ಣಪ್ಪ,

ನಿನ್ನ ಪತ್ರವನ್ನು ಖದೀಜಳಿಗೆ ಎರಡು ಸಲ ಓದಿ ಹೇಳಿದೆ. ಕನ್ನಡಿಯ ಸಂಗತಿಗೆ ಬಹಳ ನಕ್ಕಳು. ಇಲ್ಲಿ ನಗುವ ವಿಷಯ ಬೇರೆ ಇಲ್ಲ. ಸಾವಿರ ಜನ, ಎರಡು ನಲ್ಲಿ. ಸೂಜಿ ಚುಚ್ಚಿಸಿಕೊಂಡು ಇಬ್ಬರಿಗೂ ಜ್ವರ ಬಂದು ಬಿಟ್ಟಿತು. ಹಡಗು ಮುಂದಿನ ವಾರವೆಂದು ಹೇಳುತ್ತಾರೆ, ಹೋದ ವಾರವೂ ಹಾಗೆಯೇ ಹೇಳಿದ್ದರು.

ಕನ್ನಡಿಯನ್ನು ದಿನಕ್ಕೊಮ್ಮೆ, ನಿನ್ನ ಒಂದು ಕೆನ್ನೆ ಹೆರೆಯುವಷ್ಟು ಹೊತ್ತು ತೋರಿಸು. ಅದು ಅವನಿಗೆ ಗರಡಿ ಇದ್ದ ಹಾಗೆ, ಮೈ ಸಡಿಲವಾಗುವುದಿಲ್ಲ. ಹೆಚ್ಚಾದರೆ ಮಾತ್ರ ಇಲ್ಲದ ವೈರಿಯ ಜೊತೆ ಗುದ್ದಾಡಿ ಸೋತುಹೋಗುತ್ತಾನೆ.

ಊಟದ ಬಗ್ಗೆ ಅಮ್ಮನಿಗೂ ಹೇಳು, ಚಿಂತೆ ಬೇಡ. ಅವನಿಗೆ ಬೇಕಾದ್ದೆಲ್ಲ ಹಾಜಬ್ಬ ತರುವ ನೀರಿನಲ್ಲಿಯೇ ಉಂಟು. ಮಣ್ಣಿನ ಸಾರ, ಪಾಚಿಯ ಸಾರ ಎಂದು ತಿಳಿದುಕೋ. ಅನ್ನ ಅರಳು ಹಾಕಬೇಡ.

ಖದೀಜ ಇನ್ನೂ ಏನೋ ಬರೆಯಬೇಕೆಂದು ಹಟ ಹಿಡಿದಿದ್ದಾಳೆ. ಈಗ ಬೇಡ, ಇನ್ನೊಮ್ಮೆ ಬರೆದರಾಯಿತು ಎಂದೆ. ಮಕ್ಕಾದಲ್ಲಿ ನಮ್ಮ ಮುಅಲ್ಲಿಮರ ವಿಳಾಸವನ್ನು ಹಿಂಬದಿಯಲ್ಲಿ ಬರೆದಿದ್ದೇನೆ, ಅಲ್ಲಿಗೆ ಬಂದ ಯಾತ್ರಿಕರನ್ನು ನೋಡಿಕೊಳ್ಳುವವರು ಅವರು. ಇನ್ನು ಆ ವಿಳಾಸಕ್ಕೇ ಬರೆ.

ಇತಿ,
ಖಲೀಲ್


ಮೂಡಬಿದ್ರಿ,
13-5-1958

ಪ್ರಿಯ ಖಲೀಲ್,

ಪೈಲ್ವಾನ ಈಗ ಊರು ತಿರುಗಿದವನು. ಅಳದಂಗಡಿಯಲ್ಲಿ ಅಮ್ಮಣಿಯ ತವರಿನಲ್ಲಿ ಮದುವೆ ಇತ್ತು. ಇವನನ್ನು ಯಾರ ಕೈಯಲ್ಲಿ ಬಿಡುವುದು? ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಸಂಕಪ್ಪ, ‘ಧರ್ಣಪ್ಪ ಇಂದ್ರರೇ, ಇವರಿಗೆ ಅರ್ಧ ಟಿಕೇಟಾ, ಪೂರ್ತಿಯಾ?’ ಎಂದು ಕೇಳಿ ಬಸ್ಸನ್ನೆಲ್ಲ ನಗಿಸಿದ. ವೇಣೂರಿನ ತಿರುವುಗಳಲ್ಲಿ ಅರ್ಧ ನೀರು ನನ್ನ ಪಂಚೆಗೆ ಸೇರಿತು, ಮೀನು ಭರಣಿಯಲ್ಲಿಯೇ ಉಳಿಯಿತು.

ಮದುವೆ ಮನೆಯಲ್ಲಿ ಮದುಮಗನಿಗಿಂತ ಇವನ ಸುತ್ತ ಜನ ಹೆಚ್ಚು. ಏನು ತಿನ್ನುತ್ತದೆ ಎಂದು ಎಲ್ಲರೂ ಕೇಳುವವರೇ. ಬರಿಯ ನೀರು ಎಂದೆ. ನನ್ನ ಮಾವ ಕೈ ಮುಗಿದು, ‘ನಮಗಿಂತ ಇದೇ ಕಟ್ಟುನಿಟ್ಟು’ ಎಂದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಸಣ್ಣ ಸಂಶಯ. ಊರಿಗೆ ಬಂದ ಮೇಲೆ ನೀರಿನ ಮೇಲೆ ಬಿಳಿ ನೊರೆ ಕಟ್ಟತೊಡಗಿದೆ. ಅವನೇ ಬಾಯಿಂದ ಗುಳ್ಳೆ ಬಿಟ್ಟು ಬಿಟ್ಟು ಒಂದು ಕಡೆ ಒಟ್ಟು ಮಾಡುತ್ತಾನೆ. ಕಫದ ತೊಂದರೆ ಇರಬಹುದೆಂದು ಅಮ್ಮಣಿ ಹೇಳಿದಳು. ನಾನು ಸೌಟಿನಿಂದ ತೆಗೆದು ಚೆಲ್ಲುತ್ತೇನೆ, ಅವನು ಮತ್ತೆ ಕಟ್ಟುತ್ತಾನೆ. ಇದಕ್ಕೆ ಏನು ಮದ್ದು? ಬಾದಾಮಿ ಎಲೆ ಇನ್ನೊಂದು ಹಾಕಿದ್ದೇನೆ.

ಹಾಜಬ್ಬ ತಪ್ಪದೆ ಬರುತ್ತಾನೆ. ಆ ನೀರನ್ನು ನೀನು ಹೇಳಿದಂತೆ ಜಗಲಿಯಲ್ಲಿ ನಿಂತು ನೇರ ಹೊಯ್ಯುತ್ತೇನೆ. ನನ್ನ ಕಣ್ಣಿಗೆ ಕಸ ಯಾವುದು ನೀರು ಯಾವುದು ಎಂದು ಈಗ ಸರಿಯಾಗಿ ಕಾಣುವುದಿಲ್ಲ. ಪೈಲ್ವಾನನಿಗೆ ಮಾತ್ರ ಆ ಸೌಟು ಕಂಡರೆ ಎಲ್ಲಿಲ್ಲದ ಗೆಲವು. ಪ್ರಾಣಿಗೂ ಬೆಳೆದ ಊರಿನ ನೀರೆಂದರೆ ಅಷ್ಟು ಪ್ರೀತಿಯೋ ಏನೋ.

ಇತಿ,
ಧರ್ಣಪ್ಪ


ಮಕ್ಕಾ,
30-5-1958

ಪ್ರಿಯ ಧರ್ಣಪ್ಪ,

ಅಲ್ಲಾಹನ ದಯೆಯಿಂದ ತಲುಪಿದೆವು. ನಿನ್ನ ಪತ್ರವೂ ನಿನ್ನೆ ತಲುಪಿತು. ಅರ್ಧ ಟಿಕೇಟಿನ ಜಾಗದ ತನಕ ಓದಿದೆ. ಮದುವೆ ಮನೆಯ ಮಾತು ಬಂದ ಮೇಲೆ ನನಗೆ ಮುಂದೆ ಓದಲು ಆಗಲಿಲ್ಲ. ಖದೀಜ ಎದ್ದುಹೋದಳು. ಉಳಿದದ್ದನ್ನು ರಾತ್ರಿ ಒಬ್ಬನೇ ಕೂತು ಓದಿದೆ.

ಜಿದ್ದಾ ಇನ್ನೂ ಒಂದು ದಿನದ ದಾರಿ ಇರುವಾಗಲೇ ಹಡಗಿನಲ್ಲಿ ಗಂಡಸರೆಲ್ಲ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಂಡೆವು. ಇಹ್ರಾಮ್ ಎಂದರೆ ಅದು, ಯಾತ್ರೆಯ ವ್ರತ. ಜವಳಿ ವ್ಯಾಪಾರಿಯ ಮೈಮೇಲೆ ಒಂದು ಗುಂಡಿಯೂ ಇಲ್ಲ. ನಮ್ಮ ಜೊತೆಗಿದ್ದ ಮುಸ್ಲಿಯಾರರು ಕ್ರಮಗಳನ್ನು ತಿಳಿಸಿದರು. ‘ಇನ್ನು ಬೇಟೆ ಇಲ್ಲ, ಜಗಳ ಇಲ್ಲ. ಬೇಟೆ ಹಾಗಿರಲಿ, ತಲೆಯ ಹೇನನ್ನು ಕೂಡ ಕೊಲ್ಲುವುದು ಬೇಡ’ ಎಂದರು. ನನ್ನ ಪಕ್ಕದಲ್ಲಿ ಮಡಂತ್ಯಾರಿನ ಮುದುಕರೊಬ್ಬರು ತಲೆ ಕೆರೆಯಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದರು. ನನ್ನ ಕುತ್ತಿಗೆಯ ಮೇಲೂ ಏನೋ ಹರಿಯುತ್ತಿತ್ತು. ಹರಿಯಲಿ ಎಂದು ಬಿಟ್ಟೆ. ಆಗ ನಿನ್ನ ನೆನಪಾಯಿತು ಧರ್ಣಪ್ಪ. ನಾನು ಕೆಲವೇ ದಿನ ಹಿಡಿದ ವ್ರತವನ್ನು ನೀನು ಹುಟ್ಟಿದಂದಿನಿಂದ ಹಿಡಿದವನು. ಅದನ್ನು ನಾನು ನಿನಗೆ ತಿಳಿಯದ ಹಾಗೆ ಮುರಿಸಿದ್ದೇನೆ.

ಹಾಜಬ್ಬ ತರುವ ನೀರಿನಲ್ಲಿ ಊರಿನ ಗುಣವೇನೂ ಇಲ್ಲ. ನಮ್ಮ ಅಂಗಡಿಯ ಹಿಂದಿನ ಒಡಕು ಬಾನಿಯಲ್ಲಿ ನಿಂತ ನೀರು ಅದು. ಅದರಲ್ಲಿ ಕುಣಿಯುವ ಸೊಳ್ಳೆಮರಿಗಳೇ ಪೈಲ್ವಾನನ ಊಟ. ಜೀವವಿದ್ದು ಅಲುಗಾಡುವುದನ್ನಲ್ಲದೆ ಅವನು ಬೇರೇನನ್ನೂ ಮುಟ್ಟುವುದಿಲ್ಲ. ಮೊದಲೇ ಹೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಆಗ ಮೀನು ಶುಕೂರನ ಪಾಲಾಗುತ್ತಿತ್ತು, ಖದೀಜ ಹೊರಡುತ್ತಿರಲಿಲ್ಲ. ಹಾಗಾಗಿ ಮಣ್ಣಿನ ಸಾರ ಎಂದು ಬರೆದೆ. ಬೊಂಬಾಯಿಯಲ್ಲಿಯೇ ನಿಜ ಬರೆಯಬೇಕೆಂದು ಖದೀಜ ಹಟ ಮಾಡಿದ್ದಳು. ನಾನು ಕೇಳಲಿಲ್ಲ.

ನಿನ್ನ ಅಂಗಡಿಯಲ್ಲಿ ಬೇಡಿ ತಂದ ಕ್ಷಮೆ ಈಗ ಕದ್ದು ತಂದ ಮಾಲಿನ ಹಾಗೆ ನನ್ನ ಹತ್ತಿರ ಉಂಟು. ಅದನ್ನಿಟ್ಟುಕೊಂಡು, ಯಾತ್ರಿಕರೆಲ್ಲ ನಿಂತು ದೇವರ ಕ್ಷಮೆ ಬೇಡುವ ಅರಫಾದ ಬಯಲಿನಲ್ಲಿ ಹೇಗೆ ನಿಲ್ಲಲಿ ಎಂದು ಗೊತ್ತಾಗುತ್ತಿಲ್ಲ.

ಬೇಡವೆನಿಸಿದರೆ ಮೀನನ್ನು ಹಾಜಬ್ಬನ ಕೈಗೆ ಕೊಟ್ಟುಬಿಡು. ಶುಕೂರ್ ಏನು ಮಾಡಿದರೂ ನಾನು ನಿನ್ನನ್ನು ದೂರುವುದಿಲ್ಲ. ಇಟ್ಟುಕೊಳ್ಳುವುದಾದರೆ ಒಂದೇ ಮಾತು, ಅವನ ನೀರನ್ನು ಸೋಸಬೇಡ. ಸೋಸಿದರೆ ಅವನು ಹಸಿದು ಸಾಯುತ್ತಾನೆ.

ನೊರೆ ಕಾಯಿಲೆಯಲ್ಲ. ಮರಿಗಳಿಗೆಂದು ಗಂಡು ಕಟ್ಟುವ ಗೂಡು ಅದು. ಹೆಣ್ಣಿಲ್ಲದಿದ್ದರೂ ಮೈಯಲ್ಲಿ ಸುಖವಿದ್ದರೆ ಕಟ್ಟುತ್ತಾನೆ. ನಿನ್ನ ಮನೆಯಲ್ಲಿ ಅವನಿಗೆ ಸುಖವಿತ್ತು, ಅದಕ್ಕೆ ಕಟ್ಟಿದ. ಅದನ್ನು ತೆಗೆಯಬೇಡ.

ಇತಿ,
ಖಲೀಲ್


ಮೂಡಬಿದ್ರಿ,
16-6-1958

ಪ್ರಿಯ ಖಲೀಲ್,

ನಿನ್ನ ಪತ್ರ ಕಾಣದೆ ತಿಂಗಳ ಮೇಲಾಯಿತು. ಇಲ್ಲಿ ಮಳೆ ಹಿಡಿದಿದೆ, ಟಪ್ಪಾಲು ಬಂದರೆ ಬಂತು. ಪೈಲ್ವಾನನಿಗೆ ಚಳಿಯಾಗದಿರಲೆಂದು ಭರಣಿಯನ್ನು ಬಚ್ಚಲೊಲೆಯ ಹಿಂದಿನ ಗೂಡಿನಲ್ಲಿಟ್ಟಿದ್ದೇನೆ, ಗೋಡೆ ಉಗುರು ಬೆಚ್ಚಗಿರುತ್ತದೆ.

ಹಾಜಬ್ಬ ಬರುವುದು ನಿಂತಿದೆ. ಮಳೆಗೆ ಸಂತೆಯೂ ಇಲ್ಲ, ಅವನಿಗೆ ಜ್ವರವೂ ಅಂತೆ. ಅವನು ಕೊನೆಗೆ ತಂದ ಡಬ್ಬಿ ಈ ತಿಂಗಳ ಮೊದಲಿಗೇ ಮುಗಿಯಿತು. ನೀನು ಗಾಬರಿಪಡುವುದು ಬೇಡ. ನಿನ್ನ ಊರಿನ ಕಸದ ನೀರಿಗಿಂತ ನಮ್ಮ ಬಾವಿಯ ನೀರು ಕೀಳಲ್ಲ. ನೀನೇ ಕೊಟ್ಟ ಕೋರಾ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಅಮ್ಮಣಿ ದಿನವೂ ಸೋಸಿ ಕೊಡುತ್ತಾಳೆ. ಸ್ಫಟಿಕದ ಹಾಗಿರುವ ನೀರು. ಭರಣಿಯ ಬಾಯಿಗೂ ಅದೇ ಬಟ್ಟೆಯ ತುಂಡು ಕಟ್ಟಿದ್ದೇನೆ, ಒಂದು ನೊಣ ಕೂಡ ಒಳಗೆ ಬೀಳಲಾರದು. ರಾಜಕುಮಾರನಿಗೂ ಇಷ್ಟು ನಡೆಯಲಿಕ್ಕಿಲ್ಲ.

ಈಗ ನಿನಗೆ ಆಶ್ಚರ್ಯದ ಸಂಗತಿ ಬರೆಯುತ್ತೇನೆ. ಕೆಲವು ದಿನಗಳಿಂದ ಪೈಲ್ವಾನ ಶಾಂತನಾಗಿದ್ದಾನೆ. ಕನ್ನಡಿ ತೋರಿಸಿದರೆ ನೋಡಿ ಸುಮ್ಮನಾಗುತ್ತಾನೆ. ಜಗಳವೇ ಬೇಡ ಎಂಬ ಹಾಗೆ. ನೊರೆ ಕಟ್ಟುವುದನ್ನೂ ಬಿಟ್ಟಿದ್ದಾನೆ, ಎಲೆಯ ಮೇಲೆ ಮಲಗಿರುತ್ತಾನೆ. ಅಮ್ಮ ಎರಡು ದಿನ ಅವನನ್ನೇ ನೋಡಿ, ‘ಇದು ಸಾಮಾನ್ಯ ಮೀನಲ್ಲ. ಜಗಳ ಬಿಟ್ಟಿದೆ, ಆಸೆ ಬಿಟ್ಟಿದೆ. ಇದು ವ್ರತ ಹಿಡಿದಿದೆ’ ಎಂದಳು. ಮೀನು ಮನೆಯೊಳಗೆ ಯಾಕೆ ಎಂದವಳು ಈಗ ಸಂಜೆ ಬೆಳಕಿರುವಾಗಲೇ ಊಟ ಮುಗಿಸಿ, ಭರಣಿಯ ಎದುರು ಮಣೆ ಹಾಕಿ ಕೂತು ಣಮೋಕಾರ ಮಂತ್ರ ಹೇಳುತ್ತಾಳೆ. ಬಸದಿಯ ಬೀದಿಯಲ್ಲಿ ಸುದ್ದಿ ಹರಡಿ ಜನ ಬರತೊಡಗಿದ್ದಾರೆ. ಮೊನ್ನೆ ಒಬ್ಬರು ಸಲ್ಲೇಖನ ಎಂಬ ಮಾತನ್ನೂ ಆಡಿದರು, ಅನ್ನ ನೀರು ಬಿಟ್ಟು ದೇಹ ತೊರೆಯುವ ನಮ್ಮ ದೊಡ್ಡ ವ್ರತ. ನಾನು ಅಷ್ಟು ದೂರ ಹೋಗಲಾರೆ.

ಒಂದು ಮಾತ್ರ ನಿಜ. ಅವನ ಬಣ್ಣ ಸ್ವಲ್ಪ ಮಾಸಿದ ಹಾಗೆ ಕಾಣುತ್ತದೆ. ಹೊಟ್ಟೆ ಒಳಗೆ ಹೋಗಿದೆ. ಬೆಳಕು ಕಡಿಮೆಯಾದ್ದರಿಂದ ನನಗೆ ಹಾಗೆ ಕಾಣುವುದೂ ಇರಬಹುದು. ಇದನ್ನು ಖದೀಜಳಿಗೆ ಓದಿ ಹೇಳಬೇಡ.

ಇತಿ,
ಧರ್ಣಪ್ಪ


ಮೂಡಬಿದ್ರಿ,
22-6-1958

ಶ್ರೀ ಇಬ್ರಾಹಿಂ ಖಲೀಲ್ ಸಾಹೇಬರಿಗೆ,

ನೀವು ಮಕ್ಕಾದಿಂದ ಬರೆದ ಪತ್ರ ನಿನ್ನೆ ತಲುಪಿತು.

ಹಾಜಬ್ಬ ಬರುತ್ತಿದ್ದಷ್ಟು ದಿನ ನನ್ನ ಕೈಯಿಂದ ಪ್ರತಿದಿನ ಜೀವಹತ್ಯೆ ಮಾಡಿಸಿದಿರಿ. ಹಾಜಬ್ಬ ಬಾರದಾದ ಮೇಲೆ ನೀವು ಕೊಟ್ಟ ಬಟ್ಟೆಯಲ್ಲಿಯೇ ನೀರು ಸೋಸಿ ನಿಮ್ಮ ಮೀನನ್ನು ನಾನು ಉಪವಾಸ ಕೆಡವಿದೆ. ಒಂದು ಮಾತು ನಿಜ ಹೇಳಿದ್ದರೆ ಎರಡೂ ತಪ್ಪುತ್ತಿತ್ತು. ನನ್ನ ಧರ್ಮಕ್ಕೆ ನೋವಾಗಬಾರದೆಂದು ಮುಚ್ಚಿಟ್ಟೆ ಎಂದು ನೀವು ಅಂದುಕೊಂಡಿರಬಹುದು. ನನ್ನ ಧರ್ಮವನ್ನು ನಾನು ನೋಡಿಕೊಳ್ಳುತ್ತೇನೆ. ನೀವು ನಿಜ ಹೇಳಿದ್ದರೆ ಸಾಕಿತ್ತು.

ನನ್ನ ತಾಯಿ ನಿನ್ನೆಯಿಂದ ಮಾತಾಡಿಲ್ಲ.

ಮೀನು ಪತ್ರ ಬಂದ ಹೊತ್ತಿಗೆ ಒಂದು ಬದಿಗೆ ಮಗುಚಿ ಬಿದ್ದಿತ್ತು. ಈಗ ಬದುಕಿದೆ. ಹೇಗೆ ಎಂದು ಕೇಳಬೇಡಿ.

ಇತಿ,
ಧರ್ಣಪ್ಪ ಇಂದ್ರ


ಮದೀನಾ,
16-7-1958

ಪ್ರಿಯ ಧರ್ಣಪ್ಪ,

ನಿನ್ನ ಎರಡು ಪತ್ರಗಳೂ ಒಟ್ಟಿಗೆ ಸಿಕ್ಕಿದವು. ಹಜ್ಜ್ ಮುಗಿದಿತ್ತು. ಮೊದಲು ಒಡೆದದ್ದು ಉಪವಾಸದ ಪತ್ರವನ್ನು. ಸ್ಫಟಿಕದ ಹಾಗಿರುವ ನೀರು ಎಂದು ಓದಿದಾಗಲೇ ಪೈಲ್ವಾನನ ಗತಿ ತಿಳಿಯಿತು. ಆ ಬಟ್ಟೆಯನ್ನು ಅಳೆದು ಹರಿದುಕೊಟ್ಟವನು ನಾನು. ನೀವು ಎಲ್ಲ ನೀರನ್ನೂ ಸೋಸುವವರೆಂದು ನಲವತ್ತು ವರ್ಷದಿಂದ ನೋಡಿದವನು ನಾನು. ಬಟ್ಟೆ ಕೊಡುವಾಗ, ಮೀನಿನ ನೀರನ್ನೂ ಸೋಸುತ್ತೀರೆಂದು ನನ್ನ ತಲೆಗೆ ಹೊಳೆಯಲಿಲ್ಲ.

ಆಮೇಲೆ ಎರಡನೆಯದನ್ನು ಒಡೆದೆ. ಬೈದದ್ದೆಲ್ಲ ನ್ಯಾಯವೇ. ‘ಸಾಹೇಬರಿಗೆ’ ಎಂದು ಬರೆದದ್ದು ಮಾತ್ರ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಅರಫಾದಲ್ಲಿ ನಿಂತಾಗ ಎಲ್ಲರೂ ಅಳುತ್ತಿದ್ದರು, ನಾನೂ ಅತ್ತೆ. ಆದರೆ ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಿಡಬೇಕು, ಅದು ದೇವರ ಹತ್ತಿರ ಇತ್ಯರ್ಥವಾಗುವುದಿಲ್ಲ ಎಂದು ಮುಸ್ಲಿಯಾರರು ಮೊದಲೇ ಹೇಳಿದ್ದರು. ಊರಿಗೆ ಬಂದರೆ ಹಾಜಿ ಎಂದು ಕರೆಯುತ್ತಾರೆ. ನಿನ್ನ ಎದುರು ಆ ಹೆಸರು ನನಗೆ ಹೊಂದುವುದಿಲ್ಲ.

ಮೀನನ್ನು ನೀನು ಹಾಜಬ್ಬನಿಗೋ ಶುಕೂರನಿಗೋ ಕೊಟ್ಟಿರಬೇಕು, ಅದಕ್ಕೇ ಹೇಗೆ ಎಂದು ಕೇಳಬೇಡಿ ಎಂದಿದ್ದಿ. ಕೊಟ್ಟದ್ದು ಸರಿ. ಬದುಕಿದೆ ಎಂಬ ಒಂದು ಮಾತನ್ನು ಖದೀಜಳಿಗೆ ಓದಿ ಹೇಳಿದೆ. ಅಮ್ಮನ ಕಾಲಿಗೆ ನನ್ನ ಪರವಾಗಿ ನಮಸ್ಕಾರ ಹೇಳು ಎನ್ನಲು ಧೈರ್ಯವಿಲ್ಲ. ಅವರು ಈಗ ಮಾತಾಡುತ್ತಾರೆಯೇ, ಅಷ್ಟು ತಿಳಿಸು.

ಇತಿ,
ಖಲೀಲ್


ಮೂಡಬಿದ್ರಿ,
27-8-1958

ಪ್ರಿಯ ಖಲೀಲ್,

ನಿನ್ನೆ ಹಾಜಬ್ಬ ಬಂದಿದ್ದ. ನೀವು ಊರಿಗೆ ಬಂದು ವಾರವಾಯಿತಂತೆ. ಪಾಣೆಮಂಗಳೂರಿನ ಅರ್ಧ ಜನ ನಿನ್ನ ಮನೆಗೆ ಬಂದು ಖರ್ಜೂರ ತಿಂದು ಹೋದರಂತೆ. ಮೂಡಬಿದ್ರಿಯ ಬಸ್ಸು ಹತ್ತಲು ಮಾತ್ರ ನಿನಗೆ ಹೆದರಿಕೆಯಂತೆ. ಸಮುದ್ರ ದಾಟಿ ಬಂದವನಿಗೆ ಬಂಟ್ವಾಳದ ಸೇತುವೆ ದಾಟಲಿಕ್ಕಾಗುವುದಿಲ್ಲವೇ ಎಂದು ಹಾಜಬ್ಬನನ್ನೇ ಬೈದು ಕಳಿಸಿದೆ, ನೀನು ಎದುರಿಗಿರಲಿಲ್ಲವಲ್ಲ.

ಹೇಗೆ ಎಂದು ಕೇಳಬೇಡಿ ಎಂದಿದ್ದೆ. ಈಗ ನಾನೇ ಹೇಳುತ್ತೇನೆ. ಮೀನನ್ನು ಯಾರಿಗೂ ಕೊಟ್ಟಿಲ್ಲ.

ನಿನ್ನ ಪತ್ರ ಬಂದ ದಿನ ಅಮ್ಮ ಮಣೆಯ ಮೇಲೆ ಕೂತಿದ್ದಳು. ಅವಳಿಂದ ಮುಚ್ಚಿಡಬಾರದೆಂದು ಪೂರ್ತಿ ಓದಿ ಹೇಳಿದೆ. ಭರಣಿಯನ್ನು ನೋಡಿ, ‘ಹಸಿದವನ ಮುಂದೆ ಕೂತು ಮಂತ್ರ ಹೇಳಿದೆನಲ್ಲ’ ಎಂದಳು. ಅಮ್ಮಣಿ ಒಂದು ಉಪಾಯ ಹುಡುಕಿದಳು. ಸೋಸಿದಾಗ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅವುಗಳ ನೀರಿಗೇ ಮರಳಿ ಬಿಡುವುದು ನಮ್ಮ ಕ್ರಮವಲ್ಲವೇ, ಭರಣಿಯಲ್ಲಿರುವುದೂ ಅದೇ ಬಾವಿಯ ನೀರು, ಅಲ್ಲಿಗೇ ಬಿಟ್ಟರೆ ಕ್ರಮ ತಪ್ಪಲಿಲ್ಲ ಎಂದಳು. ಅವಳು ಮೀನಿನ ಮೇಲಿನ ಮರುಕದಿಂದ ಹೇಳಿದ್ದು. ನನಗೆ ಮಾತ್ರ ಅದು ನಿನ್ನ ಮಣ್ಣಿನ ಸಾರದ ಹಾಗೆಯೇ ಕೇಳಿಸಿತು. ಬೇಡ ಎಂದೆ.

ಆಗ ಅಮ್ಮ, ‘ಅನ್ನ ಎದುರಿಗಿದ್ದು ಬಿಟ್ಟರೆ ಉಪವಾಸ. ಅನ್ನ ಕೊಡದೆ ಇಟ್ಟದ್ದಕ್ಕೆ ಬೇರೆ ಹೆಸರುಂಟು. ಇನ್ನು ನೀನು ಏನು ಮಾಡಿದರೂ ಪಾಪ ತಪ್ಪುವುದಿಲ್ಲ. ಮಾಡುವುದನ್ನು ಕಣ್ಣು ಬಿಟ್ಟು ಮಾಡು’ ಎಂದಳು. ಆಮೇಲೆ ಅವಳು ಮೂರು ದಿನ ಮಾತಾಡಲಿಲ್ಲ. ಅದು ನಿನ್ನ ಮೇಲಿನ ಸಿಟ್ಟಲ್ಲ, ಅವಳೇ ಹಿಡಿದ ಮೌನ. ಈಗ ಚೆನ್ನಾಗಿ ಮಾತಾಡುತ್ತಾಳೆ, ನನಗೆ ಬೈಯುವಷ್ಟು.

ಹಿತ್ತಿಲಲ್ಲಿ ಒಂದು ಹಳೆಯ ಒರಳುಕಲ್ಲು ಮಳೆಗೆ ನೆನೆಯುತ್ತ ಬಿದ್ದಿದೆ. ಅದರ ಗುಳಿಯಲ್ಲಿ ನಿಂತ ನೀರನ್ನು ಒಂದು ಸೌಟು ತೆಗೆದೆ. ಕನ್ನಡಕ ಹಾಕಿಕೊಂಡು ನೋಡಿದೆ. ಹುಳುಗಳು ಕುಣಿಯುತ್ತಿದ್ದವು. ತಂದು ಹೊಯ್ದೆ. ಪೈಲ್ವಾನ ಮಗುಚಿಕೊಂಡೇ ಇದ್ದ. ಒಂದು ಹುಳು ಅವನ ಮೂತಿಯ ಹತ್ತಿರ ಬಂತು. ಕಣ್ಣು ಮಾತ್ರ ತಿರುಗಿತು. ಆಮೇಲೆ ಬಾಯಿ ತೆರೆದ. ಅದು ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನಾನು ಮುಖ ತಿರುಗಿಸಲಿಲ್ಲ. ಸಂಜೆಗೆ ಅವನು ನೆಟ್ಟಗಾದ. ಅವನು ಬದುಕಿದ್ದಕ್ಕೆ ನನಗೆ ಆದ ಸಂತೋಷವನ್ನು ನೋಡಿ ನನಗೇ ಭಯವಾಯಿತು.

ಅಂದಿನಿಂದ ತುಪ್ಪ ಬಿಟ್ಟಿದ್ದೇನೆ, ಅವನು ಇರುವ ತನಕ ಮುಟ್ಟುವುದಿಲ್ಲ. ಬಸದಿಯಲ್ಲಿ ಅಭಿಷೇಕಕ್ಕೆ ನೀರು ತರುವ ಸರದಿ ಈ ವರ್ಷ ನಮ್ಮ ಮನೆಯದ್ದು. ನಾನಾಗಿಯೇ ಬೇಡವೆಂದು ದಾಯಾದಿಗಳಿಗೆ ಬಿಟ್ಟುಕೊಟ್ಟೆ. ವ್ರತದ ಮೀನು ನೋಡಲು ಬಂದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಲವರು ಆಮೇಲೆ ಮನೆಗೆ ಬಂದಿಲ್ಲ. ಬೀದಿಯಲ್ಲಿ ಸಿಕ್ಕಿದರೆ ಛತ್ರಿ ಅಡ್ಡ ಹಿಡಿಯುತ್ತಾರೆ. ಅಳದಂಗಡಿಯ ಮಾವನಿಗೂ ಪತ್ರ ಬರೆದು ತಿಳಿಸಿದೆ. ಅದು ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು.

ಈಗ ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದಿಲ್ಲ, ಬಿದಿರಿನ ಜರಡಿ ಮುಚ್ಚಿದ್ದೇನೆ. ಅವನು ಹೊರಗೆ ಹಾರಲಾರ. ಸೊಳ್ಳೆ ಒಳಗೆ ಬರಬಹುದು, ಬಂದು ಮೊಟ್ಟೆ ಇಡುತ್ತದೆ. ಸಾಲದಿದ್ದ ದಿನ ಒರಳುಕಲ್ಲು ಉಂಟು. ಜರಡಿ ಮುಚ್ಚಿದ್ದರಿಂದ ಪಾಪ ಕಡಿಮೆಯಾಯಿತೆಂದು ನಾನು ನನಗೆ ಹೇಳಿಕೊಳ್ಳುವುದಿಲ್ಲ.

ಇನ್ನು ನಿನ್ನ ವಿಷಯ. ಏಪ್ರಿಲ್‌ನಲ್ಲಿ ನನ್ನ ಅಂಗಡಿಯಲ್ಲಿ ನೀನು ಬೇಡಿದ್ದೂ ನಾನು ಬಿಟ್ಟದ್ದೂ ನಡೆಯಲಿಲ್ಲವೆಂದು ತಿಳಿ. ಆಗ ಯಾವ ತಪ್ಪು ಎಂದು ನೀನು ಹೇಳಿರಲಿಲ್ಲ. ಈಗ ಹೇಳಿದ್ದಿ. ಇನ್ನೊಮ್ಮೆ ಬಂದು ಕೇಳು, ಪತ್ರದಲ್ಲಿ ಬೇಡ. ಎದುರಿಗೆ ಕೂತು ನಮ್ಮ ತುಳುವಿನಲ್ಲಿ ಕೇಳು. ನಾನೂ ಬಾಯಿ ತುಂಬ ಬೈದು ಆಮೇಲೆ ಬಿಡುತ್ತೇನೆ. ಹೊತ್ತು ಮುಳುಗುವ ಮೊದಲು ಬಂದರೆ ಊಟವುಂಟು.

ಮೊನ್ನೆಯಿಂದ ನೀರಿನ ಮೇಲೆ ಮತ್ತೆ ನೊರೆ ಕಟ್ಟಿದೆ. ಈ ಸಲ ನಾನು ಸೌಟು ಹಾಕಲಿಲ್ಲ. ಅಮ್ಮನನ್ನು ಕರೆದು ತೋರಿಸಿದೆ. ‘ಗೂಡಾ? ಯಾರಿಗೆ?’ ಎಂದಳು. ಯಾರಿಗೂ ಅಲ್ಲ, ಸುಖಕ್ಕೆ ಎಂದೆ.

ಖದೀಜಳಿಗೆ ನೋಡಬೇಕೆನಿಸಿದಾಗಲೆಲ್ಲ ಕರೆದುಕೊಂಡು ಬಾ. ಮೀನನ್ನು ಒಯ್ಯಲು ಪಾತ್ರೆ ತರಬೇಡ. ಅವನ ಊಟದ ಪಾಪ ನನ್ನದಾದ ಮೇಲೆ ಅವನೂ ನನ್ನವನೇ.

ಇತಿ ನಿನ್ನ,
ಧರ್ಣಪ್ಪ